ಪಂಚರಾಗಿ ಕರೆದರೆ ಹೋಗಿ

2022ರ ಅಕ್ಟೋಬರ್ 15ರ ರಾತ್ರಿ ಅರಸೀಕೆರೆ ತಾಲ್ಲೂಕಿನ ಬಾಣಾವರ ಸಮೀಪ ಸಾರಿಗೆ ಬಸ್ಸಿಗೂ ಹಾಲಿನ ಟ್ಯಾಂಕರಿಗೂ ನಡುವೆ ಸಿಕ್ಕಿ ಟೆಂಪೊ ಟ್ರಾವೆಲರ್ ನಜ್ಜುಗುಜ್ಜಾಯಿತು. ಧರ್ಮಸ್ಥಳ, ಹಾಸನಾಂಬೆಯ ದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದ 9 ಮಂದಿ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. ತಪ್ಪು ಯಾರದೆಂದು ನಮ್ಮ ಕಡೆ ಹೋಟೆಲು, ಬಸ್ ಸ್ಟ್ಯಾಂಡುಗಳಲ್ಲೆಲ್ಲ ತೀರ್ಪು ಕೊಟ್ಟದ್ದೇ ಕೊಟ್ಟದ್ದು. ಅಂಥ ತೀರ್ಪು ನಿಜವಾಗಿ ಎಲ್ಲಿಂದ ಶುರುವಾಗುತ್ತದೆಂದು ನನಗೆ ತಿಳಿದದ್ದು ಆಮೇಲೆ. ಬೇಲೂರು–ಹಳೇಬೀಡು ರಸ್ತೆಯಲ್ಲಿ ಗೂಡ್ಸ್ ಗಾಡಿಗೂ ಬೈಕಿಗೂ ಮುಖಾಮುಖಿ ಡಿಕ್ಕಿಯಾಗಿ ಹುಡುಗನೊಬ್ಬ ತೀರಿಕೊಂಡಾಗ ಪೊಲೀಸರು ನನ್ನನ್ನು ಪಂಚನಾಗಿ ಕರೆದರು.

ಹಿಂದೆ ಮುಂಬೈ, ಕೋಲ್ಕತ್ತಗಳಲ್ಲಿ ಇಂಥ ಸಾವುಗಳ ವಿಚಾರಣೆಗೆ ಕೊರೋನರ್ ಎಂಬ ಅಧಿಕಾರಿ ಇದ್ದರು. ನಮ್ಮಲ್ಲಿ ಆ ಕೆಲಸ ಪೊಲೀಸರದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಿನಂತೆ ಆಸುಪಾಸಿನ ಇಬ್ಬರಾದರೂ ಗೌರವಸ್ಥರ ಎದುರು ಶವ ಪಂಚನಾಮೆ ಆಗಬೇಕು. ಅಪಘಾತದ ಜಾಗದ ಮಹಜರು ಬೇರೆ. ನನ್ನನ್ನು ಕರೆದದ್ದು ಅದಕ್ಕೆ.

ಪೇದೆಯೊಬ್ಬರು ಡಾಂಬರಿನ ಅಂಚಿಗೆ ಟೇಪು ಹಿಡಿದು ಹೆಡ್‌ಲೈಟಿನ ಗಾಜು ಚೆಲ್ಲಿದ್ದ ಕಡೆಗೆ ಅಳೆದರು. ಚೂರುಗಳು ಬಿದ್ದದ್ದು ಹುಡುಗನ ಎಡಬದಿಯಲ್ಲೇ. ಗೂಡ್ಸ್ ಗಾಡಿಯ ಟೈರು ಉಜ್ಜಿದ ಕಪ್ಪು ಗುರುತು ತನ್ನ ಬದಿ ಬಿಟ್ಟು ಅದೇ ಕಡೆಗೆ ಓರೆಯಾಗಿ ಬಂದಿತ್ತು. ಸುತ್ತ ನೆರೆದವರ ಮಾತೇ ಬೇರೆ: “ಹುಡುಗ್ರು ಸ್ಪೀಡಾಗಿ ಬರ್ತಾರೆ ಸಾರ್, ಇನ್ನೇನಾಗುತ್ತೆ?” ಕಣ್ಣಾರೆ ಕಂಡವರು ಒಬ್ಬರೂ ಇರಲಿಲ್ಲ. “ಟೈರಿನ ಗುರುತು ಎಷ್ಟುದ್ದ ಇದೆ, ಎತ್ತ ತಿರುಗಿದೆ, ಅದನ್ನೂ ಬರ್ಕೊಳ್ಳಿ ಸಾರ್” ಎಂದೆ. ಬರೆದುಕೊಂಡರು, ನಕ್ಷೆಯಲ್ಲೂ ಗುರುತು ಹಾಕಿದರು.

ಆ ಒಂದು ಸಾಲಿಗೆ ಎಷ್ಟು ಬೆಲೆಯೆಂದು ಆಮೇಲೆ ವಕೀಲರು ತಿಳಿಸಿದರು. ಮುಖಾಮುಖಿ ಡಿಕ್ಕಿಯಲ್ಲಿ ಸತ್ತವನದೂ ತಪ್ಪಿತ್ತೆಂದು ನ್ಯಾಯಮಂಡಳಿಗೆ ಕಂಡರೆ ಮನೆಯವರ ಪರಿಹಾರದಲ್ಲಿ ಆ ಪಾಲು ಕಡಿತವಾಗುತ್ತದೆ. ತನ್ನ ಪರವಾಗಿ ಮಾತಾಡಲು ಅವನಿಲ್ಲ.

ಹಾಗಾಗಿ ಊರವರಿಗೆ ನನ್ನ ಮಾತು ಇಷ್ಟೇ. ಗಾಯಾಳುಗಳನ್ನು ಸಾಗಿಸಿದ ಮೇಲೆ, ಗಾಡಿಗಳನ್ನು ಸರಿಸುವ ಮುಂಚೆ, ರಸ್ತೆಯ ಫೋಟೊ ತೆಗೆಯಿರಿ. ಖಾಲಿ ಹಾಳೆಗೆ ಸಹಿ ಹಾಕಬೇಡಿ. ಮಹಜರನ್ನು ಓದಿಸಿ ಕೇಳಿ, ಬಿಟ್ಟುಹೋದದ್ದನ್ನು ಸೇರಿಸಿ. ಮನೆಯವರು ಎಫ್‌ಐಆರ್, ಮಹಜರು, ನಕ್ಷೆ, ಮರಣೋತ್ತರ ಪರೀಕ್ಷೆ ಮತ್ತು ವಾಹನ ತಪಾಸಣೆಯ ವರದಿಗಳ ಪ್ರತಿ ಪಡೆಯಲಿ. ಪರಿಹಾರದ ಅರ್ಜಿಗೆ ಮೋಟಾರು ವಾಹನ ಕಾಯ್ದೆ 6 ತಿಂಗಳ ಗಡುವು ಹಾಕಿದೆ. ಕರ್ಮಾಂತರ ಮುಗಿದ ಕೂಡಲೇ ವಕೀಲರನ್ನು ಕಾಣಲಿ.

ಕೋರ್ಟಿಗೆ ಅಲೆಯಬೇಕಾದೀತೆಂದು ಪಂಚರಾಗಲು ಜನ ಹಿಂಜರಿಯುತ್ತಾರೆ. ಕರೆದರೆ ಹೋಗಬೇಕು, ಕಂಡದ್ದನ್ನು ಕಂಡಷ್ಟೇ ಹೇಳಬೇಕು. ಮಗನನ್ನು ಕಳೆದುಕೊಂಡ ಮನೆಗೆ ಊರು ಮಾಡಬಹುದಾದ ದೊಡ್ಡ ಉಪಕಾರ ಅದು.