ತತ್ತಿಯ ಗುರುತು

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳು ಘಟಪ್ರಭೆಯ ನೀರನ್ನುಂಡು ಬೆಳೆದ ನಾಡು. ಕಬ್ಬು, ಗೋವಿನಜೋಳಗಳನ್ನು ಬೆಳೆಯುವ ಇಲ್ಲಿನ ರೈತರ ಹಿತ್ತಿಲಲ್ಲಿ ನಾಲ್ಕಾರು ಕೋಳಿಗಳಿರುವುದು ಹೊಸದಲ್ಲ. ನಾಟಿ ಕೋಳಿಗೆ ಇಲ್ಲಿಯವರು ‘ಜವಾರಿ ಕೋಳಿ’ ಎನ್ನುತ್ತಾರೆ. ಮೊಟ್ಟೆಗೆ ‘ತತ್ತಿ’ ಎನ್ನುತ್ತಾರೆ. ತತ್ತಿ ಮಾರಿ ಬಂದ ಹಣ ಬಹುಮಟ್ಟಿಗೆ ಮನೆಯ ಹೆಣ್ಣುಮಕ್ಕಳ ಕೈಯ ಹಣ. ಸಣ್ಣದಾದರೂ ಸಮಯಕ್ಕೆ ಒದಗುವ ಹಣ.

ಜವಾರಿ ಕೋಳಿಯ ಜೊತೆಗೆ ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಗೊಂಡ ಗಿರಿರಾಜ, 2005ರಲ್ಲಿ ಬಿಡುಗಡೆಯಾದ ಸ್ವರ್ಣಧಾರಾ ತಳಿಗಳನ್ನೂ ಕೆಲವರು ಸಾಕುತ್ತಾರೆ. ಬಾತು, ಗಿನಿಕೋಳಿಗಳು ಅವುಗಳೊಡನೆ ಮೇಯುವುದೂ ಉಂಟು. ಇಂತಹ ಬೆರಕೆ ಹಿಂಡಿನ ಬುಟ್ಟಿಯಲ್ಲಿ ಒಂದು ತತ್ತಿಯಂತೆ ಇನ್ನೊಂದಿರುವುದಿಲ್ಲ. ಯಾವುದು ಯಾರದು ಎಂದು ತಿಳಿಯದಿದ್ದರೆ ಆಗುವ ನಷ್ಟವೇನು?

ಒಬ್ಬ ಗೃಹಿಣಿ ಕಾವಿಗೆ ಕುಳಿತ ಕೋಳಿಯ ಕೆಳಗೆ ಹನ್ನೆರಡು ತತ್ತಿಗಳನ್ನಿಟ್ಟಳೆಂದು ಭಾವಿಸೋಣ. ಇಪ್ಪತ್ತೊಂದನೆಯ ದಿನ ಎಂಟು ಮರಿಗಳು ಹೊರಬಂದವು. ತಾಯಿಕೋಳಿ ಅವುಗಳನ್ನು ಕರೆದುಕೊಂಡು ಗೂಡು ಬಿಟ್ಟು ಹೊರಟಿತು. ಉಳಿದ ನಾಲ್ಕು ಕೆಟ್ಟಿವೆಯೆಂದು ಅವಳು ತಿಪ್ಪೆಗೆ ಎಸೆದಳು. ಅವು ಕೆಟ್ಟಿರಲಿಲ್ಲ, ಬಾತಿನ ತತ್ತಿಗಳಾಗಿದ್ದವು! ಬಾತಿನ ಮರಿ ಹೊರಬರಲು 28 ದಿನ ಬೇಕು. ಗಿನಿಕೋಳಿಗೆ 26ರಿಂದ 28 ದಿನ. ಇನ್ನೊಂದು ವಾರ ಕಾವು ದೊರೆತಿದ್ದರೆ ನಾಲ್ಕು ಜೀವಗಳು ಉಳಿಯುತ್ತಿದ್ದವು. ಗುರುತು ತಪ್ಪಿದುದೇ ಅವುಗಳಿಗೆ ಮೃತ್ಯುವಾಯಿತು.

ಗುರುತು ಹಿಡಿಯಲು ಮೊದಲು ಗಾತ್ರವನ್ನೂ ಆಕಾರವನ್ನೂ ನೋಡಬೇಕು. ಜವಾರಿ ಕೋಳಿಯ ತತ್ತಿ ಸುಮಾರು 40 ಗ್ರಾಂ ತೂಗುತ್ತದೆ. ಗಿರಿರಾಜದ್ದು ಅದಕ್ಕಿಂತ ದೊಡ್ಡದು. ಬಾತಿನ ತತ್ತಿ ಇನ್ನೂ ದೊಡ್ಡದು. ಮುಟ್ಟಿದರೆ ಮೇಣ ಸವರಿದಂತೆ ನುಣುಪಾಗಿರುತ್ತದೆ. ಗಿನಿಕೋಳಿಯದು ಚಿಕ್ಕದು, ಒಂದು ತುದಿ ಚೂಪು, ಚಿಪ್ಪು ಬಹಳ ಗಟ್ಟಿ.

ಬಣ್ಣವನ್ನು ಕೊನೆಗೆ ನೋಡಬೇಕು. ಕೋಳಿಯ ಒಡಲಲ್ಲಿ ಚಿಪ್ಪು ಕಟ್ಟಲು ಸುಮಾರು 20 ಗಂಟೆ ಬೇಕು. ಆ ಚಿಪ್ಪು ಮೂಲತಃ ಬಿಳಿಯ ಸುಣ್ಣ. ಕಂದು ಬಣ್ಣ ಕೂಡುವುದು ಹೆಚ್ಚಾಗಿ ಕೊನೆಯ ಕೆಲವು ಗಂಟೆಗಳಲ್ಲಿ, ಗೋಕಾಕದ ಕುಶಲಕರ್ಮಿ ಮರದ ಗೊಂಬೆಯನ್ನು ಕೆತ್ತಿ ಮುಗಿಸಿದ ಮೇಲೆ ಬಣ್ಣ ಬಳಿಯುವಂತೆ. ಹಸಿರು ಛಾಯೆಯಾದರೋ ಬಣ್ಣದ ನೂಲಿನಿಂದ ನೆಯ್ದ ಇಳಕಲ್ ಸೀರೆಯಂತೆ ಚಿಪ್ಪಿನ ಉದ್ದಗಲಕ್ಕೂ ಬೆರೆತಿರುತ್ತದೆ. ಒಡೆದ ಚಿಪ್ಪಿನ ಒಳಮೈಯನ್ನು ನೋಡಿದರೆ ಈ ಭೇದ ತಿಳಿಯುತ್ತದೆ. ಬಣ್ಣ ತಳಿಯ ಗುರುತೇ ಹೊರತು ಗುಣದ ಗುರುತಲ್ಲ. ಕಂದು ತತ್ತಿಯೆಲ್ಲ ಜವಾರಿಯಲ್ಲ. ಬಿಳಿಯ ತತ್ತಿ ಸತ್ವಹೀನವೂ ಅಲ್ಲ.

ಒಂದೇ ಕೋಳಿ ಕೆಲವೊಮ್ಮೆ ವಿಚಿತ್ರವಾದ ತತ್ತಿಯನ್ನಿಡುತ್ತದೆ. ಎರಡು ಹಳದಿಗಳು ಒಂದರ ಬೆನ್ನಿಗೆ ಒಂದು ಬಿಡುಗಡೆಯಾದರೆ ಜೋಡಿ ಹಳದಿಯ ತತ್ತಿಯಾಗುತ್ತದೆ. ಹೊಸದಾಗಿ ಇಡಲಾರಂಭಿಸಿದ ಕೋಳಿಗಳಲ್ಲಿ ಇದು ಹೆಚ್ಚು. ಅದನ್ನು ತಿನ್ನಬಹುದು, ಕಾವಿಗೆ ಇಡಬಾರದು. ಚಿಪ್ಪಿಲ್ಲದ ತೊಗಲು ತತ್ತಿ ಸುಣ್ಣದ ಕೊರತೆಯನ್ನೋ ಬಿಸಿಲಿನ ಬೇಗೆಯನ್ನೋ ಹಕ್ಕಿಗಾದ ಭಯವನ್ನೋ ಸೂಚಿಸಬಹುದು. ಕಪ್ಪೆಚಿಪ್ಪಿನ ಪುಡಿ, ನೆರಳು, ತಂಪಾದ ನೀರು ಇವೇ ಅದಕ್ಕೆ ಮೊದಲ ಮದ್ದು. ಆದರೆ ಹಲವು ಕೋಳಿಗಳು ಒಮ್ಮೆಲೇ ಸೊಟ್ಟ, ಸುಕ್ಕು, ತೆಳು ಚಿಪ್ಪಿನ ತತ್ತಿಗಳನ್ನಿಟ್ಟು, ಸೀನುತ್ತ ಮಂಕಾದರೆ ಅದು ರಾಣಿಖೇತದಂತಹ ರೋಗವಿರಬಹುದು. ಆಗ ತಡಮಾಡದೆ ಪಶುವೈದ್ಯರಿಗೆ ತಿಳಿಸಬೇಕು.

ಹಳದಿಯಿಲ್ಲದ ಪುಟ್ಟ ತತ್ತಿಯನ್ನು ಹಿಂದೆ ಯೂರೋಪಿನ ಜನ ಹುಂಜ ಇಟ್ಟದ್ದೆಂದು ನಂಬಿ ಅಂಜುತ್ತಿದ್ದರು. ಇಂದಿನ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1474ರಲ್ಲಿ ತತ್ತಿಯಿಟ್ಟ ಅಪರಾಧಕ್ಕಾಗಿ ಒಂದು ಹುಂಜವನ್ನು ವಿಚಾರಣೆಗೆ ಗುರಿಪಡಿಸಿ ಸುಟ್ಟರೆಂದು ಚರಿತ್ರೆ ಹೇಳುತ್ತದೆ. ನೋಡುವ ಕಣ್ಣಿಲ್ಲದ ಕಡೆ ಭಯವೇ ನ್ಯಾಯಾಧೀಶನಾಗುತ್ತದೆ.

ನಾವಾದರೋ ತತ್ತಿಯನ್ನು ಎಸೆಯುವ ಮುನ್ನ ಕೈಯಲ್ಲಿ ಹಿಡಿದು ನೋಡೋಣ. ಕತ್ತಲೆಯಲ್ಲಿ ದೀಪಕ್ಕೆ ಹಿಡಿದು ಒಳಗೆ ರಕ್ತನಾಳಗಳಿವೆಯೇ ಎಂದು ಪರೀಕ್ಷಿಸೋಣ. ಕಾವಿಗೆ ಇಡುವ ದಿನ ಅದರ ಮೇಲೆ ಇದ್ದಿಲಿನಿಂದ ಹಕ್ಕಿಯ ಹೆಸರನ್ನೂ ದಿನಾಂಕವನ್ನೂ ಬರೆದಿಡೋಣ. ಮಾತು ಬಾರದ ಹಕ್ಕಿ ತನ್ನ ಕ್ಷೇಮಸಮಾಚಾರವನ್ನು ತತ್ತಿಯ ಮೇಲೆ ಬರೆದು ಕಳಿಸುತ್ತದೆ. ಅದನ್ನು ಓದಬಲ್ಲವನೇ ನಿಜವಾದ ಸಾಕಣೆಗಾರ.

ಅಭ್ಯಾಸ

1. ಗೃಹಿಣಿ ಎಸೆದ ನಾಲ್ಕು ತತ್ತಿಗಳು ಮರಿಯಾಗದಿರಲು ಕಾರಣವೇನು?
2. ತತ್ತಿಯ ಬಣ್ಣವನ್ನು ಕೊನೆಗೆ ನೋಡಬೇಕೆಂದು ಲೇಖಕರು ಏಕೆ ಹೇಳುತ್ತಾರೆ?
3. ‘ನೋಡುವ ಕಣ್ಣಿಲ್ಲದ ಕಡೆ ಭಯವೇ ನ್ಯಾಯಾಧೀಶನಾಗುತ್ತದೆ’ - ಈ ಮಾತನ್ನು ವಿವರಿಸಿರಿ.