ಅಂಚಿನ ಬೀಮ್‌ನ ಭಾರ ತಪ್ಪಿದ್ದೆಲ್ಲಿ? ಯುವ ಎಂಜಿನಿಯರ್‌ಗೆ ಏಳು ಸೂತ್ರಗಳು

ನೆಲ್ಯಾಡಿ ಕಡೆ ಈಗ ಪಿಲ್ಲರ್ ಎಬ್ಬಿಸಿ ಕಟ್ಟುವ ಮನೆಗೂ ಗೋಡೆ ಕೆಂಪುಕಲ್ಲಿನದೇ. ಮೇಲೆ ಅಡಿಕೆ ಒಣಗಿಸುವ ತಾರಸಿ, ಅದರ ಮೇಲೆ ಮಳೆಗೆ ಶೀಟಿನ ಮಾಡು. ಅಂಚಿನ ಬೀಮ್‌ಗೆ ಕೆಲಸ ಜಾಸ್ತಿ. ಈಟ್ಯಾಬ್ಸ್, ಸ್ಟಾಡ್‌ಗಳಲ್ಲಿ ಆ ಬೀಮ್‌ನ ಭಾರ ಅನುಮಾನ ಹುಟ್ಟಿಸಿದರೆ ಹೀಗೆ ನೋಡಿ.

1. ಮೊದಲು ಕೈಲೆಕ್ಕ. ಕೋಣೆ 3×4 ಮೀಟರ್, ಭಾರ ಚದರ ಮೀಟರಿಗೆ 6 ಕಿಲೋನ್ಯೂಟನ್ ಎಂದಿಟ್ಟುಕೊಳ್ಳಿ. ಐಎಸ್ 456ರಂತೆ ಮೂಲೆಗಳಿಂದ 45 ಡಿಗ್ರಿ ಗೆರೆ ಎಳೆದರೆ ಗಿಡ್ಡ ಬೀಮ್‌ಗೆ ತ್ರಿಕೋನದ ಪಾಲು, 13.5 ಕಿಲೋನ್ಯೂಟನ್, ಉದ್ದದ್ದಕ್ಕೆ ತ್ರಾಪಿಜ್ಯದ ಪಾಲು, 22.5. ನಾಲ್ಕೂ ಸೇರಿ 72. ಅಂಚಿನ ಬೀಮ್‌ಗೆ ಒಂದೇ ಬದಿಯ ಪಾಲು ಎಂಬುದು ನೆನಪಿರಲಿ.

2. ಸ್ಲ್ಯಾಬ್ ಮೆಂಬ್ರೇನೋ ಶೆಲ್ಲೋ? ಮೆಂಬ್ರೇನ್ ಆದರೆ ಹಂಚಿಕೆ ಕೈಲೆಕ್ಕಕ್ಕೆ ಹತ್ತಿರ. ಶೆಲ್‌ನಲ್ಲಿ ಸ್ವಲ್ಪ ಭಾರ ನೇರ ಪಿಲ್ಲರ್‌ಗೆ ಇಳಿಯುತ್ತದೆ. ಬೀಮ್‌ಗೆ ಕಡಿಮೆ ಬಂತೆಂದು ಗಾಬರಿ ಬೇಡ. ಮೆಶ್ ಸಣ್ಣದು ಮಾಡಿ ಮತ್ತೊಮ್ಮೆ ಓಡಿಸಿ.

3. ಸ್ಟಾಡ್‌ನಲ್ಲಿ ಫ್ಲೋರ್ ಲೋಡ್ ಕೊಡುವಾಗ ಬೀಮ್‌ಗಳು ಸುತ್ತ ಕೂಡಿಕೊಂಡಿರಬೇಕು. ಕ್ಯಾಡ್ ನಕ್ಷೆಯಿಂದ ತಂದ ಗೆರೆಗಳ ನಡುವೆ ಕೆಲವೇ ಮಿಲಿಮೀಟರ್ ಸಂದಿದ್ದರೂ ಆ ಕೋಣೆಯ ಭಾರವೇ ಮಾಯ.

4. ಗೋಡೆಯನ್ನು ಸಾಫ್ಟ್‌ವೇರ್ ತಾನಾಗಿ ಕಾಣುವುದಿಲ್ಲ. ನಮ್ಮೂರಲ್ಲಿ ಇದೇ ದೊಡ್ಡ ಹೊಡೆತ. 20 ಸೆಂಟಿಮೀಟರ್ ದಪ್ಪ, 3 ಮೀಟರ್ ಎತ್ತರದ ಕೆಂಪುಕಲ್ಲಿನ ಗೋಡೆಗೆ ಘನ ಮೀಟರಿಗೆ 22 ಕಿಲೋನ್ಯೂಟನ್ ಹಿಡಿದರೂ ಮೀಟರಿಗೆ 13.2 ಆಯಿತು. ಮೊದಲ ಕೈಲೆಕ್ಕದ ಗಿಡ್ಡ ಬೀಮ್‌ಗೆ ಸ್ಲ್ಯಾಬ್‌ನಿಂದ ಸರಾಸರಿ ಬಂದದ್ದು ಮೀಟರಿಗೆ 4.5 ಮಾತ್ರ! ಪಟ್ಟಣದ ಹಗುರ ಬ್ಲಾಕ್‌ನ ಅಂಕಿಯನ್ನು ಹಳೆ ಫೈಲಿನಿಂದ ನಕಲು ಮಾಡಿದವರು ಸಿಕ್ಕಿಬೀಳುವುದು ಇಲ್ಲೇ. ಮಳೆ ನೀರು ಹೀರಿದ ಕಲ್ಲು ಇನ್ನೂ ಭಾರ.

5. ಸನ್‌ಶೇಡ್ ಹೊರಚಾಚಿದ್ದರೆ ಬೀಮ್ ತಿರುಚುತ್ತದೆ. ಮೆಂಬ್ರೇನ್ ಮಾದರಿ ಭಾರ ಕೊಟ್ಟರೂ ಈ ತಿರುಚನ್ನು ಕೊಡುವುದಿಲ್ಲ, ಕೈಯಾರೆ ಸೇರಿಸಿ. ತಿರುಚು ಬಿಗಿತವನ್ನು ಸೊನ್ನೆಗೆ ಇಳಿಸುವ ಚಾಳಿ ಇಲ್ಲಿ ನಡೆಯದು. ಸನ್‌ಶೇಡ್‌ಗೆ ಬೇರೆ ಆಧಾರವೇ ಇಲ್ಲ.

6. ಶೀಟಿನ ಮಾಡು ಹಾಕಿಸುತ್ತೀರಾ ಎಂದು ಮನೆಯವರನ್ನು ಮೊದಲೇ ಕೇಳಿ. ಕಂಬಗಳು ನಿಲ್ಲುವುದು ಅಂಚಿನ ಬೀಮ್ ಮೇಲೆ. ಗಾಳಿ ಬಂದಾಗ ಅವು ಮೇಲಕ್ಕೂ ಎಳೆಯುತ್ತವೆ.

7. ಕೊನೆಗೆ ಬುಡದ ಒಟ್ಟು ಪ್ರತಿಕ್ರಿಯೆಯನ್ನು ನಿಮ್ಮ ಒಟ್ಟು ಭಾರದ ಜೊತೆ ತಾಳೆ ನೋಡಿ. ತಾಳೆಯಾಗದಿದ್ದರೆ ನಕ್ಷೆ ಮೇಸ್ತ್ರಿಯ ಕೈಗೆ ಹೋಗುವುದು ಬೇಡ.