ಕಲ್ಲೂರಿನಿಂದ ಕಲಿಸುವ ವೃತ್ತಿಗೆ

ಕಲ್ಯಾಣ ಕರ್ನಾಟಕದ ಕಲ್ಲೂರಿನಂಥ ಊರುಗಳಲ್ಲಿ ಪಿಯುಸಿ ಮುಗಿಸಿ ಪ್ರಾಥಮಿಕ ಶಾಲಾ ಶಿಕ್ಷಕರಾಗಬಯಸುವವರು ಮೊದಲು ಗಮನಿಸಬೇಕಾದುದು, ಹಿಂದೆ ಟಿ.ಸಿ.ಎಚ್. ಎಂದು ಕರೆಯಲಾಗುತ್ತಿದ್ದ, ಈಗ ಡಿ.ಎಲ್.ಇಡಿ. ಎನಿಸಿರುವ ಎರಡು ವರ್ಷದ ಡಿಪ್ಲೊಮಾವನ್ನು; ಏಕೆಂದರೆ ಬರಿಯ ಬಿ.ಇಡಿ. ಪದವಿಯು ಒಂದರಿಂದ ಐದನೆಯ ತರಗತಿಯ ಹುದ್ದೆಗೆ ಅರ್ಹತೆಯಲ್ಲವೆಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ತೀರ್ಪಿತ್ತಿದೆ. ಅನಂತರದ ಮೆಟ್ಟಿಲು ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ. ಅದರ 150 ಅಂಕಗಳಲ್ಲಿ 30 ಅಂಕ ಶಿಶುವಿಕಾಸ ಮತ್ತು ಬೋಧನಾಶಾಸ್ತ್ರಕ್ಕೆ ಮೀಸಲು; ಗೈಡ್ ಉರುಹೊಡೆಯುವವರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ.

ಈ ಶಾಸ್ತ್ರದ ಅರ್ಥ ತಿಳಿಯುವುದು ತರಗತಿಯಲ್ಲಿ. ತಂದೆತಾಯಿಯೊಡನೆ ಗುಳೆ ಹೋಗಿ ಅಥವಾ ಹತ್ತಿ ಬಿಡಿಸಲು ಹೋಗಿ, ತಿಂಗಳ ಮೇಲೆ ಮರಳಿದ ಮಗುವನ್ನು ಉಳಿದವರು ತಲುಪಿದ ಪಾಠದೆದುರು ಕೂರಿಸಿದರೆ ಅದು ಮೂಕವಾಗುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿಕಲಿ ಪದ್ಧತಿಯ ‘ಕಲಿಕಾ ಏಣಿ’, ಅಂದರೆ ಮಗು ಒಂದೊಂದಾಗಿ ಏರಬೇಕಾದ ಹಂತಗಳ ಚಿತ್ರಪಟ, ಅಂಥ ಮಗು ಎಲ್ಲಿ ನಿಂತಿತ್ತೆಂಬುದನ್ನು ತೋರಿಸುವುದರಿಂದ, ಆ ಹಂತದ ಕಲಿಕಾ ಕಾರ್ಡಿನಿಂದಲೇ ಕಲಿಕೆಯನ್ನು ಮುಂದುವರಿಸಬಹುದು. ಮನೆಯಲ್ಲಿ ಉರ್ದು, ತೆಲುಗು ಇಲ್ಲವೆ ಲಂಬಾಣಿ ಆಡುವ ಮಕ್ಕಳಿರುವ ಈ ಸೀಮೆಯಲ್ಲಿ ಮಗುವಿನ ಮನೆಮಾತಿನ ನಾಲ್ಕು ಪದ ಬಲ್ಲ ಶಿಕ್ಷಕ ಅರ್ಧ ಗೆದ್ದಂತೆಯೇ.

ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ನೇಮಕಾತಿಯಲ್ಲಿ ಮೀಸಲಾತಿಯುಂಟು. ಅದಕ್ಕೆ ಬೇಕಾದ ಅರ್ಹತಾ ಪ್ರಮಾಣಪತ್ರವನ್ನು ಅಧಿಸೂಚನೆ ಹೊರಡುವವರೆಗೆ ಕಾಯದೆ, ವ್ಯಾಸಂಗದ ಅವಧಿಯಲ್ಲಿಯೇ ಪಡೆದಿಟ್ಟುಕೊಳ್ಳುವುದು ಲೇಸು.